ನೀವು ಕೇಳಿದಿರಿ: ಬಾಯಿ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ

ಕಳೆದ ಸಂಚಿಕೆಯ ಕೊನೆಯಲ್ಲಿ ‘ಬಾಯಿ ಕ್ಯಾನ್ಸರ್ ಆಪರೇಷನ್ ಆದಮೇಲಿನ ದಿನಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ’ ಎಂದು ಎರಡು ಸಾಲು ಹಾಕಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಮನೆಯವರದ್ದು. ಕಾಯಿಲೆ ಅನುಭವಿಸಿದವರೇ ಬರೆದದ್ದು ಕಡಿಮೆ. ನನ್ನ ಕೋಣೆಯಲ್ಲೂ ಹಾಗೇ: ರೋಗಿ ಕುರ್ಚಿಯಲ್ಲಿ ಕೂತಿರುತ್ತಾರೆ, ಮಾತು ಮನೆಯವರದ್ದು.

ಹೊಸಬರಿಗೆ ಒಂದು ಮಾತು. ನಾನು ಡಾಕ್ಟರಲ್ಲ, ಮಾತಾಡುವುದನ್ನೂ ನುಂಗುವುದನ್ನೂ ಮತ್ತೆ ಕಲಿಸುವ ಥೆರಪಿಸ್ಟ್. ಸರ್ಜನ್ ತಮ್ಮ ಕೆಲಸ ಮುಗಿಸಿ ನನ್ನ ಹತ್ತಿರ ಕಳಿಸುತ್ತಾರೆ. ಇಪ್ಪತ್ತಾರು ವರ್ಷದಿಂದ ಬೇರೆಯವರ ಬಾಯೊಳಗೆ ಟಾರ್ಚ್ ಬಿಟ್ಟು ನೋಡುವುದೇ ನನ್ನ ಕಸುಬು. ಔಷಧ, ಆಪರೇಷನ್ ಬಗ್ಗೆ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಪ್ರಶ್ನೆ: ಅಪ್ಪನಿಗೆ 61 ವರ್ಷ. ನಾಲಿಗೆಯ ಎಡಬದಿಯಲ್ಲಿ ಗಡ್ಡೆ. ಸುಮಾರು ಅರ್ಧ ನಾಲಿಗೆ ತೆಗೆದು ಮುಂಗೈಯಿಂದ ಚರ್ಮ ತಂದು ತೇಪೆ ಹಾಕುತ್ತೇವೆ ಅಂತಿದ್ದಾರೆ. ನಮ್ಮ ಸಂಬಂಧಿಕರೊಬ್ಬರಿಗೆ ಗಂಟಲಲ್ಲಿ ಕ್ಯಾನ್ಸರ್ ಆಗಿತ್ತು, ಬರೀ ರೇಡಿಯೇಷನ್‌ನಲ್ಲೇ ವಾಸಿಯಾಯಿತು, ಕತ್ತಿ ಮುಟ್ಟಿಸಲಿಲ್ಲ. ಅಪ್ಪನಿಗೂ ಹಾಗೇ ಮಾಡಿಸಿದರೆ ಮಾತು ಉಳಿಯುತ್ತದಲ್ಲವೇ? — ಒಬ್ಬ ಮಗಳು

ಉತ್ತರ: ತಿಂಗಳಿಗೆ ಹತ್ತು ಸಲವಾದರೂ ಈ ಪ್ರಶ್ನೆ ಬರುತ್ತದಮ್ಮ, ಸುತ್ತಿ ಬಳಸದೆ ಹೇಳುತ್ತೇನೆ. ಗಂಟಲು ಬೇರೆ, ಬಾಯಿ ಬೇರೆ. ಟಾನ್ಸಿಲ್, ನಾಲಿಗೆಯ ಬುಡ, ಅದರ ಹಿಂದಿನ ಜಾಗದ ಕ್ಯಾನ್ಸರ್‌ಗಳು ಎಷ್ಟೋ ಸಲ ರೇಡಿಯೇಷನ್‌ಗೆ, ಅಂದರೆ ಜನ ‘ಕರೆಂಟ್ ಕೊಡಿಸುವುದು’ ಅನ್ನುವುದಕ್ಕೆ, ಚೆನ್ನಾಗಿ ಬಗ್ಗುತ್ತವೆ. ಬಾಯೊಳಗಿನ ನಾಲಿಗೆ, ಕೆನ್ನೆ, ಒಸಡು, ನಾಲಿಗೆಯಡಿಯ ಗಡ್ಡೆಗಳಿಗೆ ಸಾಮಾನ್ಯವಾಗಿ ಆಪರೇಷನ್ನೇ ಮೊದಲು. ತೀರಾ ಚಿಕ್ಕ ಗಡ್ಡೆಗೆ, ಮುಖ್ಯವಾಗಿ ತುಟಿಯಲ್ಲಾದರೆ, ಸೂಜಿಗಳನ್ನಿಟ್ಟು ಒಳಗಿಂದಲೇ ರೇಡಿಯೇಷನ್ ಕೊಡುವ ವಿಧಾನವೂ ಇದೆ. ಆದರೆ ಅದರಲ್ಲಿ ಕೈಪಳಗಿದವರೇ ಬೇಕು.

‘ಕತ್ತಿ ಮುಟ್ಟಿಸಲಿಲ್ಲ’ ಎಂದರೆ ಏನೂ ಆಗಲಿಲ್ಲ ಎಂದು ಅರ್ಥವಲ್ಲ. ರೇಡಿಯೇಷನ್ ಒಂದರಿಂದಲೇ ವಾಸಿ ಮಾಡಬೇಕಾದರೆ ಸಾಮಾನ್ಯವಾಗಿ 70 ಗ್ರೇ (ಗ್ರೇ ಎಂದರೆ ರೇಡಿಯೇಷನ್ ಪ್ರಮಾಣದ ಅಳತೆ), 35 ಸಲ, 7 ವಾರ. ನಾಲಿಗೆಗೆ ಕೊಡುವಾಗ ಪಕ್ಕದಲ್ಲೇ ದವಡೆಯ ಮೂಳೆ, ಜೊಲ್ಲಿನ ಗ್ರಂಥಿ, ಬಾಯಿ ತೆರೆಸುವ ಸ್ನಾಯು. ಅವುಗಳಿಗೂ ಪಾಲು ಹೋಗುತ್ತದೆ. ಗಡ್ಡೆ ಕರಗದೆ ಉಳಿದರೆ ಆಗ ಆಪರೇಷನ್ ಮಾಡಬೇಕಾಗುತ್ತದೆ, ಬೆಂದ ಚರ್ಮದಲ್ಲಿ ಹಾಕಿದ ಹೊಲಿಗೆ ಕೂಡಿಕೊಳ್ಳುವುದು ಕಷ್ಟ.

ಅಪ್ಪನ ಮಾತಿನ ವಿಷಯಕ್ಕೆ ಬರುತ್ತೇನೆ. ಅರ್ಧ ನಾಲಿಗೆ ಎಂದ ಕೂಡಲೇ ಅರ್ಧ ಮಾತು ಎಂದು ಲೆಕ್ಕ ಹಾಕಬೇಡಿ. ಉಳಿದ ಅರ್ಧ ಎಷ್ಟು ಸಲೀಸಾಗಿ ಆಡುತ್ತದೆ ಎನ್ನುವುದರ ಮೇಲೆ ಮಾತು ನಿಂತಿದೆ. ಮುಂಗೈ ಚರ್ಮವನ್ನು ಆರಿಸುವುದೂ ಅದಕ್ಕೇ: ತೆಳ್ಳಗಿರುತ್ತದೆ, ಬಗ್ಗುತ್ತದೆ, ಉಳಿದ ನಾಲಿಗೆಯನ್ನು ಕೆಳಗೆ ಕಟ್ಟಿ ಹಾಕುವುದಿಲ್ಲ. ತೇಪೆ ತಾನಾಗಿ ಅಲ್ಲಾಡದು, ರುಚಿಯೂ ಅದಕ್ಕೆ ತಿಳಿಯದು. ಜಾಗ ತುಂಬುವುದಷ್ಟೇ ಅದರ ಕೆಲಸ. ಅರ್ಧ ಉಳಿದು ನಾಲಿಗೆಯ ಬುಡ ಗಟ್ಟಿಯಾಗಿದ್ದವರು ಫೋನಿನಲ್ಲಿ ಮಾತಾಡಿ ಕೆಲಸ ಮುಗಿಸಿಕೊಳ್ಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಬುಡವೂ ಹೋದರೆ ಕಥೆ ಬೇರೆ. ಆಗ ಮಾತಿಗಿಂತ ನುಂಗುವುದೇ ದೊಡ್ಡ ಚಿಂತೆ.

ನೀವು ಸರ್ಜನ್ ಹತ್ತಿರ ಕೇಳಬೇಕಾದದ್ದು ಇದು: ‘ಆಪರೇಷನ್ ಒಂದರಲ್ಲೇ ಮುಗಿಯಬಹುದೋ, ಆಮೇಲೆ ಕರೆಂಟೂ ಬೇಕಾಗಬಹುದೋ?’ ಪಕ್ಕಾ ಉತ್ತರ, ತೆಗೆದ ಗಡ್ಡೆಯ ರಿಪೋರ್ಟ್ ಬಂದ ಮೇಲೆಯೇ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ಕುತ್ತಿಗೆಯ ಗಂಟುಗಳಿಗೆ, ಅಂದರೆ ಅಲ್ಲಿರುವ ದುಗ್ಧಗ್ರಂಥಿಗಳಿಗೆ, ಹೋಗಿದೆಯೇ, ಗಂಟಿನ ಕವಚ ಒಡೆದು ಹೊರಗೆ ಬಂದಿದೆಯೇ ಎಂದು ನೋಡಿ ನಿರ್ಧರಿಸುತ್ತಾರೆ. ಬೇಕಾದರೆ ಸಾಮಾನ್ಯವಾಗಿ 60 ಗ್ರೇ, 30 ಸಲ, 6 ವಾರ. ಅಂಚು ಅಥವಾ ಕವಚದ ತೊಂದರೆಯಿದ್ದರೆ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ. ಅದರಿಂದ ಕಿವಿಯಲ್ಲಿ ಗುಂಯ್ ಶಬ್ದ ಬರುವುದು, ಸಣ್ಣ ದನಿಗಳು ಕೇಳದಾಗುವುದು ಉಂಟು. ಶುರು ಮಾಡುವ ಮೊದಲೇ ಕಿವಿ ಪರೀಕ್ಷೆ ಮಾಡಿಸಿ.

ನನ್ನ ಕಣ್ಣಿಗೆ ಕಂಡ ವ್ಯತ್ಯಾಸ ಹೇಳಲೇ? ಚಿಕ್ಕ ಗಡ್ಡೆ ತೆಗೆಸಿ ಅಲ್ಲಿಗೇ ಮುಗಿದವರು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಮೊದಲಿನಂತೆ ಆಗಿರುತ್ತಾರೆ. ಆಪರೇಷನ್, ಕರೆಂಟ್, ಕೀಮೋ ಮೂರೂ ಆದವರು ಮೊದಲ ಮೂರು ತಿಂಗಳು ಪಾತಾಳಕ್ಕಿಳಿದು ಮೆಲ್ಲಗೆ ಮೇಲೇಳುತ್ತಾರೆ. ನೋವು ಹೋಗುತ್ತದೆ, ರುಚಿ ಬಹುಪಾಲು ಹಿಂದಿರುಗುತ್ತದೆ, ಉತ್ಸಾಹವೂ ಬರುತ್ತದೆ. ಒಣಬಾಯಿ, ಅಂಟು ಜೊಲ್ಲು, ಹಲ್ಲು, ಬಾಯಿ ಬಿಗಿತ ಈ ನಾಲ್ಕು ಮಾತ್ರ ಹಿಂದೆ ಉಳಿಯುತ್ತವೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ದೊಡ್ಡ ಆಪರೇಷನ್ ಆದರೆ ಮೊದಲ ಕೆಲವು ದಿನ ಉಸಿರಾಟಕ್ಕೆ ಕುತ್ತಿಗೆಯಲ್ಲಿ ನಳಿಗೆ ಇಟ್ಟಿರಬಹುದು, ಆಗ ದನಿಯೇ ಬರುವುದಿಲ್ಲ. ಮೂಗಿನಲ್ಲಿ ಊಟದ ನಳಿಗೆ. ಎಚ್ಚರವಾದ ಅಪ್ಪ ಬಾಯಿ ತೆರೆದು ಶಬ್ದ ಬರದಿದ್ದಾಗ ‘ಮಾತು ಹೋಯಿತು’ ಎಂದು ಅಲ್ಲೇ ಕುಸಿಯುತ್ತಾರೆ. ಮುಂಚೆಯೇ ಹೇಳಿಡಿ. ಬರೆಯಲು ಸ್ಲೇಟ್ ಕೊಡಿ. ಆಪರೇಷನ್‌ಗೆ ಮೊದಲು ಒಂದು ಸಲ ದಂತವೈದ್ಯರನ್ನೂ ಒಂದು ಸಲ ನಮ್ಮಂಥವರನ್ನೂ ನೋಡಿಸಿ.

ಪ್ರಶ್ನೆ: ನಾನು ಗಣಿತ ಮೇಷ್ಟ್ರು. ನಾಲಿಗೆಯ ಮುಂಭಾಗದ ಒಂದು ಬದಿ ತೆಗೆದು ಆರು ತಿಂಗಳಾಯಿತು, ಕರೆಂಟ್ ಬೇಕಾಗಲಿಲ್ಲ. ಮನೆಯವರಿಗೆ ನನ್ನ ಮಾತು ತಿಳಿಯುತ್ತದೆ. ತರಗತಿಯಲ್ಲಿ ‘ಏಳರಿಂದ ಮೂರು ಕಳೆ’ ಎಂದರೆ ಮಕ್ಕಳಿಗೆ ‘ಕಲೆ’ ಎಂದು ಕೇಳಿಸುತ್ತದೆ, ಹಿಂದಿನ ಬೆಂಚಿನಿಂದ ನಗು ಬರುತ್ತದೆ. ಸ್ವಯಂ ನಿವೃತ್ತಿಗೆ ಅರ್ಜಿ ಬರೆದಿಟ್ಟಿದ್ದೇನೆ. ಕೊಡಲೇ? — ಮೇಷ್ಟ್ರು

ಉತ್ತರ: ಬೇಡ ಮೇಷ್ಟ್ರೇ. ಅರ್ಜಿ ಡ್ರಾಯರಿನಲ್ಲೇ ಇರಲಿ.

ನಿಮ್ಮ ತೊಂದರೆ ನನಗೆ ಬಾಯಿಪಾಠ. ಪ, ಬ, ಮ ತುಟಿಯ ಅಕ್ಷರಗಳು, ಅವುಗಳಿಗೆ ಏನೂ ಆಗಿಲ್ಲ. ತ, ದ, ನ, ಲ, ಸಗಳಿಗೆ ನಾಲಿಗೆಯ ತುದಿ ಹಲ್ಲಿನ ಹತ್ತಿರ ಹೋದರೆ ಸಾಕು, ಹೇಗೋ ಸುಧಾರಿಸುತ್ತವೆ. ಟ, ಡ, ಣ, ಳಗಳಿಗೆ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ಮುಟ್ಟಿಸಬೇಕು. ಕನ್ನಡದಲ್ಲಿ ಅವಿಲ್ಲದೆ ಒಂದು ವಾಕ್ಯ ಮುಗಿಯುವುದಿಲ್ಲ, ನೋಡಿ. ಹುಳಿ ಹುಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಎಳೆ ಎಲೆಯಾಗುತ್ತದೆ. ನನ್ನ ಹತ್ತಿರ ಬಂದಿದ್ದ ಒಬ್ಬರು ‘ಊಟಕ್ಕೆ ಹುಲಿ ಬಡಿಸಿದರು’ ಎಂದು ತಾವೇ ಹೇಳಿ ತಾವೇ ನಕ್ಕು, ಆ ನಗುವಿನಿಂದಲೇ ಥೆರಪಿ ಶುರು ಮಾಡಿದೆವು.

ನಾಲಿಗೆ ಅಂಗುಳಕ್ಕೆ ಎಟುಕದಿದ್ದರೆ ಅಂಗುಳವನ್ನೇ ಕೆಳಗೆ ತರಬಹುದು. ದಂತವೈದ್ಯರಲ್ಲಿ ಕೃತಕ ಹಲ್ಲು, ಅಂಗುಳ ಮಾಡುವವರು ಬೇರೆಯೇ ಇದ್ದಾರೆ. ಹಲ್ಲಿನ ಸೆಟ್ಟಿನ ಥರ ಮೇಲ್ದವಡೆಗೆ ಕೂರುವ ಪ್ಲೇಟು ಮಾಡಿ, ನಿಮ್ಮ ನಾಲಿಗೆ ಎಲ್ಲಿ ಎಟುಕುವುದಿಲ್ಲವೋ ಅಲ್ಲಿ ದಪ್ಪ ಮಾಡುತ್ತಾರೆ. ನಾನು ಪಕ್ಕದಲ್ಲಿ ಕೂತು ‘ಅಳಿಲು, ಕೊಳಲು, ಕಡಲೆ’ ಹೇಳಿಸುತ್ತೇನೆ, ಅವರು ಮೇಣ ಮೆತ್ತುತ್ತಾ ಕೆರೆಯುತ್ತಾ ಹೋಗುತ್ತಾರೆ. ಒಂದು ಕೂದಲೆಳೆ ಹೆಚ್ಚಾದರೆ ‘ಸ’ ಕೆಡುತ್ತದೆ, ಕಡಿಮೆಯಾದರೆ ‘ಳ’ ಬರದು. ಎರಡು ಮೂರು ಸಲ ಕೂತರೆ ಹದಕ್ಕೆ ಬರುತ್ತದೆ. ನುಂಗುವುದಕ್ಕೂ ಅದರಿಂದ ಅನುಕೂಲ, ಏಕೆಂದರೆ ತುತ್ತನ್ನು ಹಿಂದಕ್ಕೆ ತಳ್ಳಲು ನಾಲಿಗೆಗೆ ಒತ್ತಲು ಏನಾದರೂ ಬೇಕು.

ಅದು ಸಿದ್ಧವಾಗುವವರೆಗೆ ಉಚ್ಚಾರದ ಹಟ ಬಿಟ್ಟು ವೇಗ ಇಳಿಸಿ. ತರಗತಿಯಲ್ಲಿ ‘ಕಳೆ’ ಬಾಯಲ್ಲಿ ಹೇಳುವಾಗಲೇ ಬೋರ್ಡಿನ ಮೇಲೆ ಕಳೆಯುವ ಗುರುತು ಹಾಕಿ. ಗಣಿತ ಮೇಷ್ಟ್ರಿಗೆ ಈ ಸೌಲಭ್ಯವಿದೆ, ಪಾಪ ಕನ್ನಡ ಮೇಷ್ಟ್ರಿಗಿಲ್ಲ. ಸಣ್ಣ ಮೈಕ್ ಕೊರಳಿಗೆ ಹಾಕಿಕೊಂಡರೆ ಜೋರಾಗಿ ಹೇಳುವ ಒತ್ತಡ ತಪ್ಪುತ್ತದೆ, ಒತ್ತಡ ತಪ್ಪಿದರೆ ಅಕ್ಷರ ತಾನೇ ತಿಳಿಯಾಗುತ್ತದೆ. ಮೊದಲ ದಿನವೇ ಮಕ್ಕಳಿಗೆ ‘ನನ್ನ ನಾಲಿಗೆಯ ಒಂದು ತುಂಡು ತೆಗೆದಿದ್ದಾರೆ, ಅರ್ಥವಾಗದಿದ್ದರೆ ಕೈಯೆತ್ತಿ’ ಎಂದುಬಿಡಿ. ಗೊತ್ತಿಲ್ಲದ್ದಕ್ಕೆ ಮಕ್ಕಳು ನಗುತ್ತಾರೆ, ಗೊತ್ತಾದರೆ ಕೈಯೆತ್ತುತ್ತಾರೆ.

ಪ್ರಶ್ನೆ: ಹೇಳಲು ನಾಚಿಕೆ. ಬಾಯೊಳಗೆ ಹಾಕಿದ ತೇಪೆಯಲ್ಲಿ ಕೂದಲು ಬೆಳೆಯುತ್ತಿದೆ. — ಹೆಸರು ಬೇಡ

ಉತ್ತರ: ಕೈಯಿಂದಲೋ ತೊಡೆಯಿಂದಲೋ ಬಂದ ಚರ್ಮ, ಅದಕ್ಕೆ ತಾನು ಬಾಯಿಗೆ ಬಂದಿರುವುದು ಗೊತ್ತಿಲ್ಲ! ಭಯವೇನಿಲ್ಲ. ಕರೆಂಟ್ ತೆಗೆದುಕೊಂಡವರಲ್ಲಿ ಬಹಳ ಸಲ ಉದುರಿ ಹೋಗುತ್ತದೆ. ಇಲ್ಲದಿದ್ದರೆ ಸರ್ಜನ್ ಕತ್ತರಿಸಿ ಕೊಡುತ್ತಾರೆ, ಲೇಸರ್‌ನಿಂದಲೂ ತೆಗೆಸಬಹುದು. ನೀವಾಗಿ ಕೀಳಬೇಡಿ. ಆ ತೇಪೆಗೆ ಸ್ಪರ್ಶ ಕಡಿಮೆ, ಅದರ ಸಂದಿಯಲ್ಲಿ ಊಟ ಉಳಿದರೂ ತಿಳಿಯುವುದಿಲ್ಲ. ಪ್ರತಿ ಊಟದ ನಂತರ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿ ಮುಕ್ಕಳಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಕೆನ್ನೆ ಮತ್ತು ದವಡೆಯ ಆಪರೇಷನ್, 30 ಕರೆಂಟ್, ವಾರಕ್ಕೊಂದರಂತೆ ಕೀಮೋ, ಎಲ್ಲ ಆಗಿ ಹತ್ತು ತಿಂಗಳು. ಸ್ಕ್ಯಾನ್ ಚೆನ್ನಾಗಿದೆ ಎನ್ನುತ್ತಾರೆ ಡಾಕ್ಟರು. ಇವರು ಮಾತ್ರ ಎಲ್ಲರ ಊಟ ಆದಮೇಲೆ ಅಡುಗೆಮನೆಯಲ್ಲಿ ಗೋಡೆ ಕಡೆ ತಿರುಗಿ ಕೂತು ಊಟ ಮಾಡುತ್ತಾರೆ. ಕೇಳಿದರೆ ಸಿಟ್ಟು. — ಗೃಹಿಣಿ

ಉತ್ತರ: ನಾನೊಂದು ತಪ್ಪು ಮಾಡಿದ್ದೆ, ಅದನ್ನೇ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಇಂಥದೇ ಆಪರೇಷನ್ ಆದ ಒಬ್ಬರು ನನ್ನ ಎಲ್ಲ ಪರೀಕ್ಷೆಗಳಲ್ಲೂ ಪಾಸು. ನೀರು ಕುಡಿದರೆ ಕೆಮ್ಮಿಲ್ಲ, ಮೆತ್ತಗಿನದು ನುಂಗುತ್ತಾರೆ, ಎಕ್ಸ್‌ರೇ ವಿಡಿಯೋದಲ್ಲಿ ಏನೂ ಶ್ವಾಸನಾಳಕ್ಕೆ ಇಳಿಯುತ್ತಿಲ್ಲ. ಫೈಲಿನಲ್ಲಿ ‘ತೊಂದರೆ ಇಲ್ಲ’ ಎಂದು ಬರೆದೆ. ಆರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದು ಬಂದರು. ಆವತ್ತು ಮೊದಲ ಸಲ ಮನೆಯಿಂದ ಡಬ್ಬಿ ತರಿಸಿ, ನಾನೂ ನನ್ನ ಡಬ್ಬಿ ತೆರೆದು ಎದುರು ಕೂತೆ. ನನ್ನ ಊಟ ಹದಿಮೂರು ನಿಮಿಷಕ್ಕೆ ಮುಗಿಯಿತು. ಅವರದು ಐವತ್ತೆರಡು. ಪ್ರತಿ ತುತ್ತಿಗೂ ಒಂದು ಗುಟುಕು ನೀರು. ಕೆಳತುಟಿಯ ಎಡಬದಿ ಮರಗಟ್ಟಿತ್ತು, ಅಲ್ಲಿ ಸೋರಿದ್ದು ಅವರಿಗೇ ತಿಳಿಯದು, ಅದಕ್ಕೇ ಎರಡು ತುತ್ತಿಗೊಮ್ಮೆ ಕರವಸ್ತ್ರದಿಂದ ಗಲ್ಲ ಒರೆಸಿಕೊಳ್ಳುತ್ತಿದ್ದರು. ನಾನು ಖಾಲಿ ಡಬ್ಬಿ ಮುಂದಿಟ್ಟು ನೋಡುತ್ತಾ ಕೂತ ಆ ನಲವತ್ತು ನಿಮಿಷ ನನಗೇ ಮುಜುಗರವಾಯಿತು. ಅವರಿಗೆ ದಿನಕ್ಕೆ ಮೂರು ಹೊತ್ತು ಹಾಗೆ.

ನಾವು ಮಾಡಿದ್ದು ಇಷ್ಟೇ: ಮನೆಯಲ್ಲಿ ಅವರ ತಟ್ಟೆ ಉಳಿದವರಿಗಿಂತ ಇಪ್ಪತ್ತು ನಿಮಿಷ ಮುಂಚೆ ಹಾಕುವುದು. ಉಳಿದವರು ಬಂದು ಕೂರುವಾಗ ಅವರು ಅರ್ಧ ದಾರಿಯಲ್ಲಿರುತ್ತಾರೆ, ಎಲ್ಲರದೂ ಒಟ್ಟಿಗೆ ಮುಗಿಯುತ್ತದೆ. ಎದುರಿಗೆ ಕೂರುವ ಬದಲು ಮರಗಟ್ಟದ ಬದಿಯ ಪಕ್ಕದಲ್ಲಿ ಕೂತುಕೊಳ್ಳಿ. ಗಲ್ಲಕ್ಕೆ ಏನಾದರೂ ಅಂಟಿದರೆ ನೀವು ನಿಮ್ಮ ಗಲ್ಲ ಮುಟ್ಟಿಕೊಳ್ಳಿ, ಅದೇ ಸನ್ನೆ. ಬಾಯಿಂದ ಹೇಳಬೇಡಿ. ತುತ್ತು ತುಟಿ ಮುಟ್ಟದಂತೆ ಸಣ್ಣ ಚಮಚದಲ್ಲಿ ಒಳಗೇ ಇಡಲಿ, ಜಗಿಯುವುದು ಗಟ್ಟಿ ಬದಿಯಲ್ಲೇ. ಬಿಸಿ ಮೊದಲು ಕೈಗೆ ತಾಗಿಸಿ ನೋಡಲಿ, ಮರಗಟ್ಟಿದ ತುಟಿ ಸುಟ್ಟರೂ ಹೇಳುವುದಿಲ್ಲ.

ಊಟದ ಮಧ್ಯೆ ಕೆಮ್ಮು, ನೀರು ಕುಡಿದ ಮೇಲೆ ಗೊರಗೊರ ದನಿ, ಕಾರಣವಿಲ್ಲದೆ ಮತ್ತೆ ಮತ್ತೆ ಜ್ವರ ಕಾಣಿಸಿದರೆ ಕಾಯಬೇಡಿ, ನುಂಗುವ ಪರೀಕ್ಷೆ ಮಾಡಿಸಿ. ಕರೆಂಟ್ ಆದ ಗಂಟಲಿಗೆ ಕೆಲವೊಮ್ಮೆ ಕೆಮ್ಮೂ ಬಾರದೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುತ್ತಿಗೆಗೆ ಕರೆಂಟ್ ಬಿದ್ದಿರುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಆಗಲೇಬೇಕು. ಮಂಕು, ಸುಸ್ತು, ಸಿಟ್ಟು ಎಂದು ನಾವು ಮನಸ್ಸಿನ ಮೇಲೆ ಹಾಕುವುದರಲ್ಲಿ ಒಂದಷ್ಟು ಥೈರಾಯ್ಡ್‌ನ ಪಾಲೂ ಇರುತ್ತದೆ. ಹಾಗಲ್ಲದೆ ನಿಜವಾಗಿ ಖಿನ್ನತೆಯೇ ಆಗಿದ್ದರೆ ಅದಕ್ಕೂ ಔಷಧವಿದೆ. ‘ಬದುಕಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಅದನ್ನು ಸುಮ್ಮನೆ ಆಡಿದ ಮಾತು ಎಂದು ಬಿಡದೆ ಆ ವಾರವೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ.

ಇನ್ನೊಂದು ಉಪಾಯ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಪ್ರಶ್ನಾವಳಿಯಿದೆ, 1993ರಲ್ಲಿ ಮೊದಲು ಬಂದು ಆಮೇಲೆ ತಿದ್ದುಪಡಿಯಾದದ್ದು. ನೋವು, ಮುಖದ ರೂಪ, ಓಡಾಟ, ಮನರಂಜನೆ, ನುಂಗುವುದು, ಜಗಿಯುವುದು, ಮಾತು, ಭುಜ, ರುಚಿ, ಜೊಲ್ಲು, ಮನಸ್ಥಿತಿ, ಆತಂಕ ಹೀಗೆ 12 ವಿಷಯ. ಕಳೆದ ಏಳು ದಿನಗಳಲ್ಲಿ ಇವುಗಳಲ್ಲಿ ಯಾವ ಮೂರು ನಿಮಗೆ ಮುಖ್ಯವಾದವು ಎಂದು ಅದು ಕೇಳುತ್ತದೆ. ಒಂದು ಹಾಳೆಯಲ್ಲಿ ಈ ಹನ್ನೆರಡನ್ನು ಬರೆದು ಅವರಿಗೆ ಮೂರಕ್ಕೆ ಗುರುತು ಹಾಕಲು ಹೇಳಿ. ಇನ್ನೊಂದು ಹಾಳೆಯಲ್ಲಿ, ಅವರು ಯಾವುದಕ್ಕೆ ಹಾಕಿರಬಹುದು ಎಂದು ನೀವು ಹಾಕಿ. ಆಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಡಿ. ನನ್ನ ಕೋಣೆಯಲ್ಲಿ ಹೆಂಡತಿಯರು ಹೆಚ್ಚಾಗಿ ಗುರುತು ಹಾಕುವುದು ‘ಮುಖದ ರೂಪ’ಕ್ಕೆ, ಗಂಡಂದಿರು ಹಾಕುವುದು ‘ಜೊಲ್ಲು’ ಮತ್ತು ‘ಜಗಿಯುವುದು’. ಡಾಕ್ಟರ ಹತ್ತಿರ ಹೋಗುವಾಗ ಅವರ ಹಾಳೆಯನ್ನೇ ಒಯ್ಯಿರಿ. ಸ್ಕ್ಯಾನಿನಲ್ಲಿ ಜೊಲ್ಲು ಕಾಣುವುದಿಲ್ಲ.

ಪ್ರಶ್ನೆ: ಗಡ್ಡೆ ಚಿಕ್ಕದು, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿರಲಿಲ್ಲ. ಆದರೂ ಕುತ್ತಿಗೆ ಕೊಯ್ದು ಗಂಟು ತೆಗೆದರು. ಈಗ ಬಲಗೈ ಎತ್ತಿ ತಲೆ ಬಾಚಲು ಆಗುತ್ತಿಲ್ಲ. ಸುಮ್ಮನೆ ಕೊಯ್ದರೇ?

ಉತ್ತರ: ಸುಮ್ಮನೆ ಅಲ್ಲ. ಇಂಥವರಲ್ಲೇ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲೇ ಕುತ್ತಿಗೆಯ ಗಂಟು ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ನೂರಕ್ಕೆ 80, ಗಂಟು ಕಂಡಾಗ ತೆಗೆಯೋಣ ಎಂದು ಕಾದವರಲ್ಲಿ 67.5. ಆ ವ್ಯತ್ಯಾಸಕ್ಕೆ ಭುಜ ಕೊಟ್ಟ ಬೆಲೆ ಇದು. ಹಿಂದೆ ಭುಜ ಎತ್ತಿಸುವ ನರವನ್ನೇ ಕತ್ತರಿಸುತ್ತಿದ್ದರು, ಈಗ ಸಾಧ್ಯವಾದಷ್ಟೂ ಉಳಿಸುತ್ತಾರೆ. ಉಳಿಸಿದ ನರವೂ ಎಳೆದಾಡಿದ್ದಕ್ಕೆ ತಿಂಗಳುಗಟ್ಟಲೆ ಮುನಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕೀಲು ಬಿಗಿಯದಂತೆ ನೋಡಿಕೊಳ್ಳುವುದೇ ನಿಮ್ಮ ಕೆಲಸ. ಫಿಸಿಯೋಥೆರಪಿ ನಾಳೆಯಿಂದಲೇ ಶುರುವಾಗಲಿ.

ಪ್ರಶ್ನೆ: ಕರೆಂಟ್ ಮುಗಿದು ಹದಿನಾಲ್ಕು ತಿಂಗಳು. ದವಡೆ ಹಲ್ಲು ನೋಯುತ್ತಿದೆ, ಮನೆ ಹತ್ತಿರದ ದಂತವೈದ್ಯರು ನಾಡಿದ್ದು ಕೀಳುತ್ತಾರಂತೆ. ಬಾಯಿಯೂ ಎರಡು ಬೆರಳಷ್ಟೇ ತೆರೆಯುತ್ತದೆ.

ಉತ್ತರ: ನಾಡಿದ್ದು ಬೇಡ! ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಿಸಿದ್ದೇನೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕರೆಂಟ್ ಬಿದ್ದ ದವಡೆಯಲ್ಲಿ ರಕ್ತದ ಓಡಾಟ ಕಡಿಮೆ. ಅಲ್ಲಿ ಹಲ್ಲು ಕಿತ್ತ ಗುಳಿ ಮಾಯದೆ ಮೂಳೆ ಸಾಯಬಹುದು. ವರ್ಷ ಎಷ್ಟು ಕಳೆದರೂ ಈ ಅಪಾಯ ಪೂರ್ತಿ ಹೋಗುವುದಿಲ್ಲ. ರೇಡಿಯೇಷನ್ ಕೊಟ್ಟವರಿಂದ, ಆ ಹಲ್ಲಿನ ಜಾಗಕ್ಕೆ ಎಷ್ಟು ಗ್ರೇ ಬಿದ್ದಿದೆ ಎಂದು ಬರೆಸಿಕೊಂಡು ದಂತವೈದ್ಯರ ಮುಂದಿಡಿ. ರೂಟ್ ಕೆನಾಲ್‌ನಲ್ಲಿ ಉಳಿಯುವ ಹಲ್ಲಾದರೆ ಉಳಿಸಿಕೊಳ್ಳಿ, ಕೀಳಲೇಬೇಕಾದರೆ ಇಂಥ ದವಡೆ ಕಂಡು ಗೊತ್ತಿರುವ ಸರ್ಜನ್ ಕೀಳಲಿ. ಕೆಲವರು ಮುಂಜಾಗ್ರತೆಗೆ, ಹೆಚ್ಚು ಒತ್ತಡದಲ್ಲಿ ಆಕ್ಸಿಜನ್ ಕೊಡುವ ಕೋಣೆಯಲ್ಲಿ ಕೂರಿಸುತ್ತಾರೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಇನ್ನೂ ಕರೆಂಟ್ ಶುರುವಾಗದವರು, ಕೆಟ್ಟ ಹಲ್ಲುಗಳನ್ನು ಎರಡು ವಾರವಾದರೂ ಮುಂಚೆ ಕೀಳಿಸಿಕೊಂಡು ಗಾಯ ಮಾಯಲು ಬಿಡಿ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬೇಗ ಹುಳುಕುವುದರಿಂದ ಫ್ಲೋರೈಡ್ ಜೆಲ್ ದಿನವೂ ಬೇಕು.

ಬಾಯಿ ಬಿಗಿತದ ಮಾತು. ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಅದನ್ನು ಬಿಗಿತ ಎಂದು ಲೆಕ್ಕ. ನಾನು ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಿಸುತ್ತೇನೆ. ಎಷ್ಟು ಹಿಡಿಸುತ್ತದೋ ಅಷ್ಟಕ್ಕೆ ನಿಲ್ಲಿಸಿ ಅರ್ಧ ನಿಮಿಷ ಹಿಡಿಯುವುದು, ದಿನಕ್ಕೆ ಹಲವು ಸಲ. ಒಬ್ಬ ಅಜ್ಜ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಕಡ್ಡಿಯ ಲೆಕ್ಕ ಬರೆಯುತ್ತಿದ್ದರು: 9, 9, 9, 10, 9, 10… ಮೂರು ತಿಂಗಳಿಗೆ 14. ‘ಒಂದು ಕಡ್ಡಿ ಜಾಸ್ತಿಯಾದ ದಿನ ಸಂಬಳ ಬಂದ ಹಾಗೆ’ ಎನ್ನುತ್ತಿದ್ದರು. ಕರೆಂಟ್ ಮುಗಿದ ಮೊದಲ ವರ್ಷವೇ ಬಾಯಿ ಹೆಚ್ಚು ಬಿಗಿಯುವುದು, ಆ ವರ್ಷ ರಜೆ ಹಾಕಬೇಡಿ. ಕಡ್ಡಿ ತುರುಕುವಾಗ ಹಲ್ಲು ಅಲುಗಾಡಿದರೆ ಮಾತ್ರ ನಿಲ್ಲಿಸಿ.

ಪ್ರಶ್ನೆ: ಕೆನ್ನೆಯ ಆಪರೇಷನ್ ಆಗಿ ಎರಡು ತಿಂಗಳು. ನಕ್ಕರೆ ತುಟಿ ಸೊಟ್ಟ. ಮೊದಲು ಚೆನ್ನಾಗಿ ಶಿಳ್ಳೆ ಹಾಕುತ್ತಿದ್ದೆ. ಇನ್ನು ಆಗುತ್ತದೆಯೇ? ಇದನ್ನು ಡಾಕ್ಟರ ಹತ್ತಿರ ಕೇಳಿದರೆ ಏನಂದುಕೊಳ್ಳುತ್ತಾರೋ.

ಉತ್ತರ: ನನ್ನ ಹತ್ತಿರ ಕೇಳಿದಿರಲ್ಲ, ಸಂತೋಷ. ದವಡೆಯ ಕೆಳಗೆ ಹಾದು ಕೆಳತುಟಿಗೆ ಹೋಗುವ ಸಣ್ಣ ನರವೊಂದಿದೆ, ಕುತ್ತಿಗೆಯ ಗಂಟು ತೆಗೆಯುವಾಗ ಅದನ್ನು ಸರಿಸಬೇಕಾಗುತ್ತದೆ. ಕತ್ತರಿಸಿಲ್ಲವೆಂದಾದರೆ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತುಟಿ ನೆಟ್ಟಗಾಗುತ್ತದೆ. ಕತ್ತರಿಸಿದ್ದಾರೋ ಇಲ್ಲವೋ ಎಂದು ಸರ್ಜನ್‌ನ ಕೇಳಿ, ಶಿಳ್ಳೆಯ ಕಾರಣ ಹೇಳಿಯೇ ಕೇಳಿ. ದಿನಾ ಕನ್ನಡಿಯ ಮುಂದೆ ಉದ್ದಕ್ಕೆ ‘ಈ’, ಆಮೇಲೆ ‘ಊ’, ಹತ್ತು ಸಲ. ನಂತರ ಸೊಟ್ಟ ಬದಿಯ ತುಟಿಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಊದಿ ನೋಡಿ. ಮೊದಲು ಬರೀ ಗಾಳಿ ಬರುತ್ತದೆ. ಬೆರಳಿಟ್ಟಾಗ ಸ್ವರ ಹುಟ್ಟಿದರೆ ಸೋರಿಕೆ ಅಲ್ಲೇ ಇದೆ, ನಾಲಿಗೆಯಲ್ಲಿ ಏನೂ ದೋಷವಿಲ್ಲ ಎಂದು ತಿಳಿಯಿರಿ. ಬೆರಳಿಲ್ಲದೆ ಬಂದ ದಿನ ಒಂದು ಕಾರ್ಡ್ ಹಾಕಿ.